ತೃಣಮಣಿಯೊಳಗಿನ ಇರುವೆ: ಮಾರ್ಷಿಯಲ್ ಕವಿಯ ಮೂರು ಮುಕ್ತಕಗಳು

ಮರದಿಂದ ಒಸರಿದ ರಾಳವು ನೆಲದೊಳಗೆ ಹೂತುಹೋಗಿ, ಲಕ್ಷೋಪಲಕ್ಷ ವರ್ಷಗಳಲ್ಲಿ ಗಟ್ಟಿಗೊಂಡು, ಜೇನಿನ ಬಣ್ಣದ ಪಾರದರ್ಶಕವಾದ ಮಣಿಯಾಗಿ ಪರಿಣಮಿಸುವುದುಂಟು. ಇದನ್ನು ಇಂಗ್ಲಿಷರು ಆಂಬರ್ ಎನ್ನುವರು. ಉಜ್ಜಿದರೆ ಹುಲ್ಲಿನ ಎಸಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಗುಣವಿರುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿಯೆಂದು ಹೆಸರು. ಪಾರಸಿಯ ಕಹರುಬಾ ಎಂಬ ಶಬ್ದಕ್ಕೂ ಹುಲ್ಲನ್ನು ಅಪಹರಿಸುವುದೆಂದೇ ಅರ್ಥ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದು ಕರೆದರು. ಆ ಹೆಸರಿನಿಂದ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿ ಲ್ಯಾಟಿನಿನಲ್ಲಿ ಕಟ್ಟಿದ ಪದವೇ ವಿದ್ಯುಚ್ಛಕ್ತಿಗೆ ಇಂದು ಇಂಗ್ಲಿಷಿನಲ್ಲಿರುವ ಹೆಸರಿಗೆ ಮೂಲವಾಯಿತು. ಹೀಗೆ ದೇಶದೇಶದ ಜನರು ಈ ಮಣಿಯನ್ನು ಅದು ಸೆಳೆಯುವ ಅಲ್ಪವಸ್ತುವಿನಿಂದಲೇ ಗುರುತಿಸಿದ್ದಾರೆ.

ಹುಲ್ಲಿಗಿಂತಲೂ ವಿಚಿತ್ರವಾದುದನ್ನು ಈ ಮಣಿಯು ತನ್ನ ಒಡಲಿನಲ್ಲಿ ಇಟ್ಟುಕೊಂಡಿರುವುದು. ಹರಿಯುವ ರಾಳದಲ್ಲಿ ಕಾಲು ಸಿಕ್ಕಿದ ಇರುವೆ, ನೊಣ, ಜೇಡ, ಗಾಳಿಗೆ ಬಂದು ಅಂಟಿದ ಎಲೆ, ಹೂ, ಪಾಚಿ ಇವೆಲ್ಲ ರೆಕ್ಕೆಯ ನರವಾಗಲಿ ಕಾಲಿನ ರೋಮವಾಗಲಿ ಕೆಡದಂತೆ ಅದರೊಳಗೆ ಉಳಿದುಬಂದಿವೆ. ಬಾಲ್ಟಿಕ್ ಸಮುದ್ರತೀರದ ಮಣಿಗಳು ಸುಮಾರು ಮೂರೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ವರ್ಷಗಳಷ್ಟು ಹಳೆಯವು. ಬರ್ಮಾ ದೇಶದವು ಸುಮಾರು ೯ ಕೋಟಿ ೯೦ ಲಕ್ಷ ವರ್ಷಗಳಷ್ಟು ಹಳೆಯವು. ಇವನ್ನು ಆಯ್ದು, ಉಜ್ಜಿ, ಹೊಳಪು ಕೊಟ್ಟು, ಪೆಟ್ಟಿಗೆಯಲ್ಲಿ ಕೂಡಿಡುವ ವ್ಯಸನವು ಪಶ್ಚಿಮದಲ್ಲಿ ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ. ಆ ವ್ಯಸನವು ಕಾವ್ಯಕ್ಕೂ ವಸ್ತುವಾಗಿದೆ. ರೋಮಿನ ಮಾರ್ಷಿಯಲ್ ಕವಿಯ ಮೂರು ಕಿರುಗವಿತೆಗಳು ಈ ವಿಷಯದಲ್ಲಿ ಪ್ರಸಿದ್ಧವಾದವು. ಅವುಗಳ ತಾರತಮ್ಯವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ವಿಷಯವು ಕವಿತೆಯೇ ಹೊರತು ಮಣಿಯಲ್ಲ. ಆದರೂ ಮಣಿಯ ಸಂಗ್ರಹದ ವಿಚಾರವನ್ನು ಬಿಟ್ಟರೆ ಕವಿತೆಯ ಅರ್ಥವು ಪೂರ್ತಿಯಾಗಿ ತಿಳಿಯಲಾರದೆಂಬುದು ಮುಂದೆ ಸ್ಪಷ್ಟವಾಗುವುದು.

ಮಾರ್ಷಿಯಲ್ಲನು ಕ್ರಿ. ಶ. ೪೦ರ ಸುಮಾರಿಗೆ, ಇಂದಿನ ಸ್ಪೇನ್ ದೇಶಕ್ಕೆ ಸೇರಿದ ಬಿಲ್ಬಿಲಿಸ್ ಎಂಬ ಊರಿನಲ್ಲಿ ಹುಟ್ಟಿದನು. ೬೪ರಲ್ಲಿ ರೋಮ್ ಪಟ್ಟಣಕ್ಕೆ ಬಂದು, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಧನಿಕರನ್ನು ಆಶ್ರಯಿಸಿ ಜೀವಿಸಿದನು. ಬೆಳಗಾಗುತ್ತಲೇ ಒಡೆಯನ ಬಾಗಿಲಿಗೆ ಹೋಗಿ ವಂದಿಸಿ, ಆತನು ಕೊಟ್ಟ ಅಲ್ಪಸ್ವಲ್ಪ ಹಣವನ್ನು ತರುವುದು ಆ ಕಾಲದ ಆಶ್ರಿತರ ಪದ್ಧತಿ. ಆ ದೈನ್ಯವನ್ನು ಆತನೇ ಅನೇಕ ಪದ್ಯಗಳಲ್ಲಿ ಪರಿಹಾಸಕ್ಕೆ ಗುರಿಮಾಡಿದ್ದಾನೆ. ಆತನ ಎಪಿಗ್ರಾಂಗಳು ಹನ್ನೆರಡು ಪುಸ್ತಕಗಳಾಗಿವೆ. ಎಪಿಗ್ರಾಂ ಎಂಬುದು ಸಂಸ್ಕೃತದ ಮುಕ್ತಕಕ್ಕೆ ಬಹಳ ಸಮೀಪವಾದ ಜಾತಿ: ಹಿಂದುಮುಂದಿನ ಕಥೆಯನ್ನು ಬೇಡದೆ ತನ್ನಲ್ಲಿಯೇ ಪೂರ್ಣವಾಗಿರುವುದು, ಕೊನೆಯ ಪಾದದಲ್ಲಿ ಒಂದು ತಿರುವಿನಿಂದ ಕೇಳುವವನನ್ನು ಎಚ್ಚರಿಸುವುದು. ತೃಣಮಣಿಯ ಪದ್ಯಗಳಲ್ಲಿ ಜೇನ್ನೊಣವನ್ನು ಕುರಿತದ್ದೂ ಹಾವನ್ನು ಕುರಿತದ್ದೂ ನಾಲ್ಕನೆಯ ಪುಸ್ತಕದಲ್ಲಿಯೂ, ಇರುವೆಯನ್ನು ಕುರಿತದ್ದು ಆರನೆಯ ಪುಸ್ತಕದಲ್ಲಿಯೂ ಇವೆ. ಮೊದಲನೆಯದು ನಾಲ್ಕು ಸಾಲು, ಎರಡನೆಯದು ಆರು ಸಾಲು, ಮೂರನೆಯದು ನಾಲ್ಕು ಸಾಲು.

ಮೂರು ಪದ್ಯಗಳಿಗೂ ಹಿನ್ನೆಲೆಯಾಗಿ ಒಂದು ಪುರಾಣಕಥೆಯಿದೆ. ಸೂರ್ಯನ ಮಗನಾದ ಫೇಥಾನನು ತಂದೆಯ ರಥವನ್ನು ಹೂಡಿ, ನಡೆಸಲಾರದೆ, ಸಿಡಿಲಿಗೆ ಸಿಕ್ಕಿ ನದಿಯಲ್ಲಿ ಬಿದ್ದು ಸತ್ತನು. ಅವನ ಸಹೋದರಿಯರು ಅಳುತ್ತಳುತ್ತ ದಡದ ಮರಗಳಾದರು. ಅವರ ಕಣ್ಣೀರೇ ತೃಣಮಣಿಯಾಯಿತು. ಆವಿಡ್ ಕವಿಯು ರೂಪಾಂತರಗಳೆಂಬ ತನ್ನ ಕಾವ್ಯದ ಎರಡನೆಯ ಪುಸ್ತಕದಲ್ಲಿ ಈ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾನೆ. ಆದರೆ ಮಾರ್ಷಿಯಲ್ಲನ ಕಾಲಕ್ಕೆ ವಿದ್ಯಾವಂತರು ಇದನ್ನು ನಂಬುತ್ತಿರಲಿಲ್ಲ. ೭೯ರಲ್ಲಿ ವೆಸೂವಿಯಸ್ ಪರ್ವತದ ಅಗ್ನಿಪ್ರಕೋಪದಲ್ಲಿ ಮಡಿದ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ೩೭ನೆಯ ಪುಸ್ತಕದಲ್ಲಿ ಗ್ರೀಕರ ಕಟ್ಟುಕಥೆಗಳನ್ನು ಒಂದೊಂದಾಗಿ ಎಣಿಸಿ ತಳ್ಳಿಹಾಕಿ, ಇದು ದೇವದಾರುವಿನ ಜಾತಿಯ ಮರದ ರಸವೆಂದು ಸಾಧಿಸಿದ್ದಾನೆ. ಆತನ ಪ್ರಮಾಣಗಳು ಮೂರು: ಉಜ್ಜಿದರೆ ಆ ಮರದ ವಾಸನೆ ಬರುವುದು, ಹೊತ್ತಿಸಿದರೆ ಅದರ ಪಂಜಿನಂತೆಯೇ ಉರಿಯುವುದು, ಒಳಗೆ ಇರುವೆ, ಗುಂಗುರು, ಹಲ್ಲಿಗಳು ಕಾಣುವುದರಿಂದ ಅದು ಒಮ್ಮೆ ದ್ರವವಾಗಿದ್ದಿರಲೇಬೇಕು. ಧೂಮದಿಂದ ಅಗ್ನಿಯನ್ನು ಊಹಿಸುವ ತರ್ಕವನ್ನು ಓದಿದವರಿಗೆ ಈ ಅನುಮಾನದ ಶುದ್ಧಿಯು ಮೆಚ್ಚಿಕೆಯಾಗದೆ ಇರದು. ಹೀಗಿರುವಾಗ ಮಾರ್ಷಿಯಲ್ಲನು ಮರಗಳನ್ನು ಫೇಥಾನನ ಸಹೋದರಿಯರೆಂದು ಕರೆದುದು ಅಜ್ಞಾನದಿಂದಲ್ಲ. ಚಕೋರವು ಬೆಳದಿಂಗಳನ್ನು ಕುಡಿಯುವುದೆಂದು ಹೇಳುವ ಕವಿಯು ಪಕ್ಷಿಯ ಆಹಾರವನ್ನು ಅರಿಯದವನಲ್ಲವಷ್ಟೆ. ಇದು ಕವಿಸಮಯ, ಇದರಲ್ಲಿ ದೋಷವಿಲ್ಲ.

ಇನ್ನು ಪದ್ಯಗಳ ವಿಚಾರ. ಜೇನ್ನೊಣದ ಪದ್ಯದ ತಾತ್ಪರ್ಯವಿಷ್ಟು: ಮಣಿಯೊಳಗೆ ಹೊಳೆಯುವ ನೊಣವು ತನ್ನ ಮಕರಂದದಲ್ಲಿಯೇ ಮುಚ್ಚಿಹೋದಂತೆ ತೋರುತ್ತದೆ, ಜನ್ಮವೆಲ್ಲ ದುಡಿದುದಕ್ಕೆ ತಕ್ಕ ಫಲವನ್ನೇ ಪಡೆದಿದೆ, ತಾನು ಹೀಗೆ ಸಾಯಬೇಕೆಂದು ಅದೇ ಬಯಸಿದ್ದಿತೆಂದರೂ ನಂಬಬಹುದು. ಇದು ಉತ್ಪ್ರೇಕ್ಷೆಗೆ ಒಳ್ಳೆಯ ಉದಾಹರಣೆ. ಮಣಿಯ ಬಣ್ಣಕ್ಕೂ ಜೇನಿನ ಬಣ್ಣಕ್ಕೂ ಇರುವ ಸಾದೃಶ್ಯವೊಂದನ್ನು ಹಿಡಿದು ಕವಿಯು ಮರಣವನ್ನು ಪಾರಿತೋಷಕವನ್ನಾಗಿ ಮಾಡಿದ್ದಾನೆ. ಸಹೃದಯರು ಇದನ್ನು ಓದುವಾಗ ಸಂಸ್ಕೃತದ ಒಂದು ಸುಭಾಷಿತವನ್ನು ನೆನೆಯದಿರಲಾರರು. ಸಂಜೆಗೆ ಮುಚ್ಚಿದ ಕಮಲದಲ್ಲಿ ಸಿಕ್ಕಿದ ದುಂಬಿಯು, ಬೆಳಗಾಗುವುದು, ಸೂರ್ಯನು ಹುಟ್ಟುವನು, ಹೂ ಅರಳುವುದು ಎಂದು ಯೋಚಿಸುತ್ತಿರುವಾಗಲೇ ಆನೆಯೊಂದು ಬಂದು ಕಮಲವನ್ನು ಕಿತ್ತುಹಾಕಿತೆಂಬುದು ಅದರ ಭಾವ. ಎರಡರಲ್ಲಿಯೂ ಸೆರೆಯಾದುದು ಭ್ರಮರವೇ, ಸೆರೆಯಾದುದು ಮಧುವಿನ ಆಸೆಯಿಂದಲೇ. ಸಂಸ್ಕೃತಕವಿಯ ದುಂಬಿಗೆ ಒಂದು ಮನಸ್ಸಿದೆ, ನಾಳೆಯೆಂಬುದಿದೆ. ಆದುದರಿಂದ ಅಲ್ಲಿ ಕರುಣವು ಹುಟ್ಟುತ್ತದೆ. ರೋಮಿನ ಕವಿಯ ನೊಣಕ್ಕೆ ನಾಳೆಯಿಲ್ಲ, ಅದು ಆಭರಣವಾಗಿಬಿಟ್ಟಿದೆ. ಪದ್ಯವು ಕಣ್ಣಿಗೆ ಇಂಪಾಗಿ, ಕಿವಿಗೆ ಸೊಗಸಾಗಿ, ಹೃದಯಕ್ಕೆ ಮಾತ್ರ ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ.

ಕವಿಯ ಕಲ್ಪನೆಯು ಒಂದು ರೀತಿಯಲ್ಲಿ ವಸ್ತುಸ್ಥಿತಿಗೆ ಹತ್ತಿರವಾಗಿದೆಯೆಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕಾಖಂಡದ ಡೊಮಿನಿಕನ್ ದ್ವೀಪಭಾಗದ ತೃಣಮಣಿಯಲ್ಲಿ ಮುಳ್ಳಿಲ್ಲದ ಸಣ್ಣ ಜೇನ್ನೊಣಗಳು ಹೇರಳವಾಗಿ ಸಿಕ್ಕುತ್ತವೆ. ಮಲೆನಾಡಿನವರೂ ಕರಾವಳಿಯವರೂ ಮುಜಂಟಿಯೆಂದು ಕರೆಯುವ ಜೇನಿನ ಕುಲವೇ ಅದು. ಮುಜಂಟಿಯು ಗೋಡೆಯ ಸಂದಿಯಲ್ಲಿಯೋ ಮರದ ಪೊಟರೆಯಲ್ಲಿಯೋ ಗೂಡು ಕಟ್ಟುವಾಗ ಮೇಣದೊಡನೆ ಮರದ ಅಂಟನ್ನು ಬೆರೆಸುವುದನ್ನು ನೋಡಿದವರು ಬಹುಮಂದಿ. ರಾಳವನ್ನು ತರಲು ಹೋದ ನೊಣವೇ ರಾಳದಲ್ಲಿ ಸಿಕ್ಕಿತು. ಅದು ಸಾವನ್ನು ಬಯಸಲಿಲ್ಲ, ನಿಜ. ರಾಳವನ್ನು ಬಯಸಿ ಹೋದುದಂತೂ ಸುಳ್ಳಲ್ಲ. ಇಂಥ ನೊಣದಿಂದ ಮರಳಿ ಜೀವಬೀಜವನ್ನು ತೆಗೆಯಬಹುದೆಂದು ೧೯೯೦ರ ದಶಕದ ಮೊದಲಲ್ಲಿ ಕೆಲವು ವಿಜ್ಞಾನಿಗಳು ಸಾರಿದರು. ಅದೇ ಕಾಲದಲ್ಲಿ, ೧೯೯೦ರಲ್ಲಿ, ಮೈಕೇಲ್ ಕ್ರೈಟನ್ನನ ಜುರಾಸಿಕ್ ಪಾರ್ಕ್ ಎಂಬ ಕಾದಂಬರಿಯೂ ಹೊರಟು, ೧೯೯೩ರಲ್ಲಿ ಚಲನಚಿತ್ರವಾಗಿ ಲೋಕವನ್ನೆಲ್ಲ ಮರುಳುಮಾಡಿತು. ಆದರೆ ೨೦೧೩ರಲ್ಲಿ ಮ್ಯಾಂಚೆಸ್ಟರಿನ ವಿದ್ವಾಂಸರು, ಸುಮಾರು ೧೦,೬೦೦ ವರ್ಷಗಳ ಮತ್ತು ಸುಮಾರು ೬೦ ವರ್ಷಗಳ ಹಳೆಯ ರಾಳಗಳಲ್ಲಿದ್ದ ಜೇನ್ನೊಣಗಳನ್ನು ಪರೀಕ್ಷಿಸಿ, ಅವುಗಳಲ್ಲಿಯೇ ಜೀವಬೀಜದ ಸುಳಿವನ್ನು ಕಾಣಲಿಲ್ಲ. ಆಕಾರವು ಉಳಿಯುವುದು, ಪ್ರಾಣವು ಉಳಿಯದು. ಕಾದಂಬರಿಕಾರನ ಆಸೆಗಿಂತ ಪುರಾತನ ಕವಿಯ ಮಿತಭಾಷಣವೇ ಸತ್ಯಕ್ಕೆ ಸಮೀಪವಾಯಿತು.

ಹಾವಿನ ಪದ್ಯವು ಬೇರೆ ಜಾತಿಯದು. ಅಳುವ ಕೊಂಬೆಗಳ ಮೇಲೆ ಹರಿಯುತ್ತಿದ್ದ ವಿಷಸರ್ಪವನ್ನು ಹನಿಯೊಂದು ಹಿಡಿದುಬಿಟ್ಟಿತು. ಅದು ಬೆರಗಾಗಿರುವಾಗಲೇ ಹೆಪ್ಪುಗಟ್ಟಿ ಮರಗಟ್ಟಿತು. ಇಂಥ ಸಮಾಧಿಯು ಹಾವಿಗೇ ದೊರೆತ ಮೇಲೆ ಕ್ಲಿಯೋಪಾತ್ರಳು ತನ್ನ ರಾಜಸಮಾಧಿಗಾಗಿ ಹೆಮ್ಮೆಪಡುವುದು ಸಲ್ಲದು ಎಂದು ಕವಿಯು ಮುಗಿಸುತ್ತಾನೆ. ವ್ಯತಿರೇಕಾಲಂಕಾರವು ಸ್ಪಷ್ಟ, ಈಜಿಪ್ಟಿನ ಆ ರಾಣಿಯು ಹಾವಿನಿಂದಲೇ ಸತ್ತಳೆಂಬ ಪ್ರಸಿದ್ಧಿಯು ಅದಕ್ಕೆ ಮೊನೆಯನ್ನು ಕೊಟ್ಟಿದೆ. ಆದರೆ ಆರು ಸಾಲುಗಳೂ ಆ ಒಂದು ಮೊನೆಗಾಗಿಯೇ ಹುಟ್ಟಿದವು. ಹಾವನ್ನು ತಂದುದು ಕ್ಲಿಯೋಪಾತ್ರಳಿಗಾಗಿ, ಮಣಿಯನ್ನು ತಂದುದು ಸಮಾಧಿಗಾಗಿ. ವಸ್ತುವು ಅಲಂಕಾರಕ್ಕೆ ದಾಸನಾದಾಗ ಔಚಿತ್ಯಕ್ಕೆ ಭಂಗ ಬರುವುದೆಂದು ಕ್ಷೇಮೇಂದ್ರನಂಥ ಆಲಂಕಾರಿಕನು ಹೇಳದಿರನು. ಬೆಳೆದ ವಿಷಸರ್ಪವನ್ನು ಓಡದಂತೆ ಹಿಡಿದು ನಿಲ್ಲಿಸುವ ರಾಳದ ಹನಿಯು ಇರುವುದೂ ಅಸಂಭವ. ಬಲವುಳ್ಳ ಪ್ರಾಣಿಯು ಕಿತ್ತುಕೊಂಡು ಹೋಗುವುದು, ದುರ್ಬಲವಾದುದು ಸಿಕ್ಕಿಬೀಳುವುದು. ೨೦೧೮ರಲ್ಲಿ ಬರ್ಮಾದ ತೃಣಮಣಿಯೊಂದರಲ್ಲಿ ಹಾವಿನ ಎಲುಬುಗೂಡು ಇರುವುದಾಗಿ ಪ್ರಕಟವಾಯಿತು. ಅದಾದರೂ ಮೊಟ್ಟೆಯಿಂದ ಆಗತಾನೆ ಹೊರಟ, ಉಳಿದಿರುವ ಭಾಗವು ಐದು ಸೆಂಟಿಮೀಟರಿಗೂ ಕಡಮೆಯಾದ ಮರಿ. ಮಾರ್ಷಿಯಲ್ಲನು ಆ ಮರಿಯನ್ನು ಕಂಡಿದ್ದರೆ ಕ್ಲಿಯೋಪಾತ್ರಳನ್ನು ಮರೆತು ಇನ್ನೂ ಒಳ್ಳೆಯ ಪದ್ಯವನ್ನು ಬರೆಯುತ್ತಿದ್ದನೇನೋ.

ಇನ್ನು ಇರುವೆ. ಮರದ ನೆರಳಿನಲ್ಲಿ ಅಲೆಯುತ್ತಿದ್ದ ಇರುವೆಯ ಮೇಲೆ ಹನಿಯು ಬಿದ್ದು ಅದನ್ನು ಮುಚ್ಚಿತು. ಬದುಕಿದ್ದಾಗ ಯಾರೂ ಲಕ್ಷಿಸದಿದ್ದ ಆ ಕ್ಷುದ್ರಜೀವಿಯು ಸತ್ತುದರಿಂದ ಬೆಲೆಯುಳ್ಳದ್ದಾಯಿತು. ಪದ್ಯವು ಇಷ್ಟೆ. ಅಲಂಕಾರದ ಆಡಂಬರವಿಲ್ಲ, ರಾಣಿಯಿಲ್ಲ, ಮಕರಂದದ ಕಲ್ಪನೆಯಿಲ್ಲ. ಇದರಿಂದ ಕೆಲವರು ಈ ಪದ್ಯವನ್ನು ಮೂರರಲ್ಲಿ ಸಾಮಾನ್ಯವಾದುದೆಂದು ತಳ್ಳಿ, ಜೇನ್ನೊಣಕ್ಕೆ ಅಗ್ರಸ್ಥಾನವನ್ನು ಕೊಡುವುದುಂಟು. ಈ ನಿರ್ಣಯವು ಪುನರ್ವಿಚಾರಕ್ಕೆ ಯೋಗ್ಯವಾದುದು. ಸಂಸ್ಕೃತದಲ್ಲಿ ಅನ್ಯೋಕ್ತಿಯೆಂಬ ಒಂದು ಪ್ರಕಾರವಿದೆ. ಕವಿಯು ಕೋಗಿಲೆಯನ್ನು ಕುರಿತೋ ಚಂದನವೃಕ್ಷವನ್ನು ಕುರಿತೋ ಹೇಳುವನು. ಅರ್ಥವು ಮಾತ್ರ ಮನುಷ್ಯನಿಗೆ ತಟ್ಟುವುದು. ಜಗನ್ನಾಥಪಂಡಿತನ ಭಾಮಿನೀವಿಲಾಸದ ಮೊದಲ ಭಾಗವು ಬಹುಮಟ್ಟಿಗೆ ಇಂಥ ಪದ್ಯಗಳಿಂದಲೇ ತುಂಬಿದೆ. ಇರುವೆಯ ಪದ್ಯವನ್ನು ಅನ್ಯೋಕ್ತಿಯೆಂದು ತಿಳಿದು ಓದಿದರೆ ಅದರ ಗಾಂಭೀರ್ಯವು ಪ್ರಕಾಶವಾಗುತ್ತದೆ.

ಹಾಗೆ ಓದುವುದಕ್ಕೆ ಕವಿಯ ಗ್ರಂಥದಲ್ಲಿಯೇ ಆಧಾರವಿದೆ. ಐದನೆಯ ಪುಸ್ತಕದ ಒಂದು ಪದ್ಯದಲ್ಲಿ ಆತನು, ಬದುಕಿರುವ ಕವಿಗಳಿಗೆ ಕೀರ್ತಿಯನ್ನು ಕೊಡದೆ ಸತ್ತವರನ್ನೇ ಹೊಗಳುವ ಲೋಕದ ಅಸೂಯೆಯನ್ನು ವರ್ಣಿಸಿ, ಕೀರ್ತಿಯು ಸತ್ತ ಮೇಲೆಯೇ ಬರುವುದಾದರೆ ತನಗೆ ಅವಸರವಿಲ್ಲವೆಂದು ನಕ್ಕುಬಿಟ್ಟಿದ್ದಾನೆ. ಅದರ ಮುಂದಿನ ಪುಸ್ತಕದಲ್ಲಿಯೇ ಇರುವೆಯ ಪದ್ಯವು ಬರುವುದು ಕಾಕತಾಲೀಯವೆಂದು ಹೇಳುವುದು ಕಷ್ಟ. ಧನಿಕನ ಬಾಗಿಲಲ್ಲಿ ಬೆಳಗಿನ ಚಳಿಯಲ್ಲಿ ನಿಂತ ಕವಿಯೇ ಆ ನೆರಳಿನಲ್ಲಿ ಅಲೆಯುವ ಇರುವೆ. ಆಗ ಮೇಲ್ನೋಟಕ್ಕೆ ಇರುವೆಯ ಭಾಗ್ಯವನ್ನು ಕೊಂಡಾಡಿದಂತಿರುವ ಮಾತು ಲೋಕದ ನಿಂದೆಯಾಗಿ ಪರಿಣಮಿಸುತ್ತದೆ. ಆಲಂಕಾರಿಕರು ವ್ಯಾಜಸ್ತುತಿಯೆಂದು ಕರೆಯುವುದು ಇದನ್ನೇ. ಜೇನ್ನೊಣದ ಪದ್ಯದಲ್ಲಿ ಬೆಲೆಯ ಮಾತಿಲ್ಲ, ಪಾರಿತೋಷಕದ ಮಾತಿದೆ. ಇರುವೆಯ ಪದ್ಯದಲ್ಲಿ ಬೆಲೆಯ ಮಾತನ್ನೇ ಆಡಿ, ಆ ಬೆಲೆಯು ಯಾರಿಗೆ ಸಂದಿತೆಂಬ ಪ್ರಶ್ನೆಯನ್ನು ಹೇಳದೆ ಬಿಟ್ಟಿದ್ದಾನೆ. ಇರುವೆಗಂತೂ ಸಲ್ಲಲಿಲ್ಲ. ಈ ಹೇಳದೆ ಬಿಟ್ಟ ಅರ್ಥವೇ ಧ್ವನಿ. ಕಾವ್ಯದ ಆತ್ಮವು ಧ್ವನಿಯೆಂಬ ಸಿದ್ಧಾಂತವನ್ನು ಒಪ್ಪುವವರು ಈ ಪದ್ಯಕ್ಕೇ ಪ್ರಥಮಸ್ಥಾನವನ್ನು ಕೊಡಬೇಕಾಗುವುದು.

ಮಾರ್ಷಿಯಲ್ಲನಾದ ಮೇಲೆ ಈ ವಸ್ತುವನ್ನು ಮುಟ್ಟಿದ ಕವಿಗಳು ಅನೇಕರು. ಅವರಲ್ಲಿ ಇಂಗ್ಲಿಷಿನ ಅಲೆಕ್ಸಾಂಡರ್ ಪೋಪನೊಬ್ಬನೇ ಅದಕ್ಕೆ ಹೊಸ ಮೊನೆಯನ್ನು ಕೊಟ್ಟನು. ೧೭೩೫ರಲ್ಲಿ ಪ್ರಕಟವಾದ, ವೈದ್ಯಮಿತ್ರನಾದ ಆರ್ಬತ್‌ನಟನಿಗೆ ಬರೆದ ಪದ್ಯಪತ್ರದಲ್ಲಿ ಆತನು, ಷೇಕ್ಸ್‌ಪಿಯರ್ ಮಿಲ್ಟನ್ನರ ಹೆಸರುಗಳಿಗೆ ಅಂಟಿಕೊಂಡು ಬದುಕುವ ಅಲ್ಪವಿಮರ್ಶಕರನ್ನು ತೃಣಮಣಿಯೊಳಗಿನ ಹುಳುಗಳಿಗೆ ಹೋಲಿಸಿದನು: ವಸ್ತುವಿನಲ್ಲಿ ಬೆಲೆಯೂ ಇಲ್ಲ, ಅಪೂರ್ವತೆಯೂ ಇಲ್ಲ; ಅದು ಅಲ್ಲಿ ಹೇಗೆ ಸೇರಿತೆಂಬುದೇ ಆಶ್ಚರ್ಯ. ವಿಮರ್ಶಕರು ಈ ಹಾಸ್ಯವನ್ನು ತಲೆಬಾಗಿ ಸ್ವೀಕರಿಸುವುದು ಯುಕ್ತ. ಆದರೂ ಪೋಪನ ಮಾತು ಕೀಟಶಾಸ್ತ್ರಜ್ಞರ ಮುಂದೆ ನಿಲ್ಲುವುದಿಲ್ಲ. ಅಮೆರಿಕೆಯ ವಿಲಿಯಂ ಮಾರ್ಟನ್ ವೀಲರನು ಬಾಲ್ಟಿಕ್ ತೃಣಮಣಿಯ ಸಾವಿರಾರು ಇರುವೆಗಳನ್ನು ಪರಿಶೀಲಿಸಿ ೧೯೧೫ರಲ್ಲಿ ಹೊರಡಿಸಿದ ಗ್ರಂಥದಿಂದ, ಇಂದಿನ ಇರುವೆಗಳ ಅನೇಕ ಕುಲಗಳು ಅಂದೇ ಇದ್ದುವೆಂಬುದು ಗೊತ್ತಾಯಿತು. ಹುಳುವು ಮಣಿಯಲ್ಲಿ ಹೇಗೆ ಸೇರಿತೆಂಬ ಪೋಪನ ಪ್ರಶ್ನೆಯನ್ನು ಪರಿಹಾಸಕ್ಕಾಗಿ ಅಲ್ಲದೆ ನಿಜವಾಗಿ ಕೇಳಿದವರಿಗೆ ಒಂದು ಅರಣ್ಯದ ಚರಿತ್ರೆಯೇ ಉತ್ತರವಾಗಿ ದೊರೆಯಿತು.

ಸಂಗ್ರಹಕಾರನ ಕೆಲಸವೂ ಗ್ರಂಥಸಂಪಾದಕನ ಕೆಲಸವೂ ಒಂದೇ ಧರ್ಮಕ್ಕೆ ಒಳಪಟ್ಟಿವೆ. ಪ್ರತಿಯು ಎಲ್ಲಿಯದು, ಯಾರ ಕೈಯಿಂದ ಬಂದಿತು, ಪಾಠವು ಶುದ್ಧವೇ ಎಂದು ಸಂಪಾದಕನು ಕೇಳುವಂತೆ, ಮಣಿಯು ಯಾವ ಗಣಿಯದು, ಒಳಗಿನ ಕೀಟವು ಮೂಲದ್ದೇ ಎಂದು ಸಂಗ್ರಹಕಾರನು ಕೇಳಬೇಕು. ಕೇಳದೆ ಹೋದುದರ ಫಲಕ್ಕೆ ದೃಷ್ಟಾಂತಗಳುಂಟು. ಡೇನಿಯಲ್ ಹರ್ಮನ್ನನೆಂಬ ಪಂಡಿತನು ಪ್ರಷ್ಯಾದ ತೃಣಮಣಿಯೊಳಗಿದ್ದ ಕಪ್ಪೆ ಮತ್ತು ಹಲ್ಲಿಗಳನ್ನು ಕುರಿತು ೧೫೮೩ರಲ್ಲಿ ಲ್ಯಾಟಿನಿನಲ್ಲಿ ಒಂದು ಕಾವ್ಯವನ್ನೇ ಬರೆದನು. ಆ ಪ್ರಾಣಿಗಳನ್ನು ಯಾರೋ ಕುಶಲಿಗಳು ಒಳಗಿಟ್ಟುದೆಂದು ಈಚಿನ ವಿದ್ವಾಂಸರು ಎಣಿಸುತ್ತಾರೆ. ಲಂಡನ್ನಿನ ಪ್ರಕೃತಿವಸ್ತುಸಂಗ್ರಹಾಲಯವು ೧೯೨೨ರಲ್ಲಿ ಪಡೆದ ಒಂದು ಮಣಿಯ ಕಥೆಯಂತೂ ಇನ್ನೂ ಬೋಧಪ್ರದವಾದುದು. ಅದರೊಳಗಿನ ನೊಣವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಲೂವ್ ಎಂಬ ಜರ್ಮನ್ ಪಂಡಿತನು ಉಲ್ಲೇಖಿಸಿದ್ದನು. ೧೯೬೬ರಲ್ಲಿ ಹೆನ್ನಿಗ್ ಎಂಬ ಮಹಾವಿದ್ವಾಂಸನು ಅದನ್ನು ಪರೀಕ್ಷಿಸಿ, ಇಂದಿಗೂ ಶೌಚಸ್ಥಳಗಳಲ್ಲಿ ಹಾರಾಡುವ ನೊಣದ ಜಾತಿಯೇ ಇದೆಂದೂ, ಕೋಟಿಗಟ್ಟಲೆ ವರ್ಷಗಳಿಂದ ಅದು ಬದಲಾಗಿಲ್ಲವೆಂದೂ ಬೆರಗಾದನು. ೧೯೯೩ರಲ್ಲಿ ಆ್ಯಂಡ್ರೂ ರಾಸ್ ಎಂಬ ಪರೀಕ್ಷಕನು ದೀಪದ ಶಾಖದಲ್ಲಿ ನೋಡುತ್ತಿರುವಾಗ ಮಣಿಯಲ್ಲಿ ಬಿರುಕು ಕಾಣಿಸಿತು. ಯಾರೋ ನಿಜವಾದ ತೃಣಮಣಿಯನ್ನು ಎರಡು ಹೋಳಾಗಿ ಸೀಳಿ, ಒಂದು ಹೋಳಿನಲ್ಲಿ ಗುಳಿ ತೋಡಿ, ನೊಣವನ್ನಿಟ್ಟು ಮತ್ತೆ ಅಂಟಿಸಿದ್ದರು. ಮಣಿಯು ನಿಜ, ನೊಣವು ಸುಳ್ಳು. ಪ್ರಾಚೀನಕಾವ್ಯಗಳಲ್ಲಿ ಪ್ರಕ್ಷಿಪ್ತಶ್ಲೋಕಗಳನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಉಪಮಾನವು ಸಿಕ್ಕಲಾರದು. ಸುತ್ತಲಿನ ಗ್ರಂಥವು ಶುದ್ಧವಾಗಿರುವುದರಿಂದಲೇ ನಡುವೆ ಸೇರಿಸಿದ ಶ್ಲೋಕವು ನಂಬಿಕೆಯನ್ನು ಗಳಿಸುತ್ತದೆ.

ವಸ್ತುವಿನ ಬಾಳಿಕೆಗೂ ಬರವಣಿಗೆಯ ಬಾಳಿಕೆಗೂ ಇರುವ ಸಂಬಂಧವನ್ನು ತೋರಿಸುವ ಇನ್ನೊಂದು ಸಂಗತಿಯುಂಟು. ಸ್ಯಾಕ್ಸನಿಯ ಅರಸನಾದ ಬಲಶಾಲಿ ಆಗಸ್ಟಸನು ಡ್ರೆಸ್ಡೆನ್ ನಗರದಲ್ಲಿ ಕೂಡಿಸಿದ್ದ ತೃಣಮಣಿಗಳನ್ನು ಸೆಂಡೆಲ್ ಎಂಬ ವೈದ್ಯನು ಚಿತ್ರಸಹಿತವಾಗಿ ವರ್ಣಿಸಿ ೧೭೪೨ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ೧೮೪೯ರ ದಂಗೆಯ ಬೆಂಕಿಯಲ್ಲಿ ಆ ಸಂಗ್ರಹವು ಸುಟ್ಟುಹೋಯಿತು. ರಾಳವು ಎಷ್ಟು ಕೋಟಿ ವರ್ಷ ಬಾಳಿದರೂ ರಾಳವೇ. ಬೆಂಕಿಗೆ ಅದು ಎಂದಿಗೂ ಆಹಾರ. ಕಾಗದದ ಗ್ರಂಥವು ಮಾತ್ರ ಉಳಿಯಿತು, ಏಕೆಂದರೆ ಅದರ ಪ್ರತಿಗಳು ಅನೇಕರ ಮನೆಯಲ್ಲಿದ್ದುವು. ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುದಕ್ಕೆ ಇಲ್ಲದ ರಕ್ಷಣೆಯು ಹಲವರಿಗೆ ಹಂಚಿದುದಕ್ಕೆ ಉಂಟು.

ಈಗ ಬೆಲೆಯ ಪ್ರಶ್ನೆಗೆ ಮರಳಬೇಕು. ಇರುವೆಯ ಪದ್ಯಕ್ಕೆ ಮೇಲೆ ಹೇಳಿದ ಧ್ವನಿಯನ್ನು ಕಲ್ಪಿಸುವುದು ಓದುಗರ ಅತಿಬುದ್ಧಿಯೆಂದೂ, ನಾಲ್ಕು ಸಾಲಿನ ಲಘುಪದ್ಯದ ಮೇಲೆ ಅಷ್ಟು ಭಾರವನ್ನು ಹೇರಬಾರದೆಂದೂ ಆಕ್ಷೇಪವು ಬರಬಹುದು. ಇದಕ್ಕೆ ಸಮಾಧಾನವನ್ನು ಆ ಕಾಲದ ರೋಮಿನಲ್ಲಿಯೇ ಹುಡುಕಬೇಕು. ನೀರೋ ಚಕ್ರವರ್ತಿಯ ಕಾಲದಲ್ಲಿ ಕುಲೀನನೊಬ್ಬನು ಉತ್ತರಸಮುದ್ರತೀರಕ್ಕೆ ಹೋಗಿ ತಂದ ತೃಣಮಣಿಯು, ಮಲ್ಲರಂಗದಲ್ಲಿ ಮೃಗಗಳನ್ನು ತಡೆಯುವ ಬಲೆಯ ಗಂಟುಗಂಟಿಗೂ ಕಟ್ಟುವಷ್ಟು ಹೇರಳವಾಗಿತ್ತೆಂದು ಪ್ಲಿನಿಯು ಬರೆದಿದ್ದಾನೆ. ಆತನೇ ಇನ್ನೊಂದು ಮಾತನ್ನೂ ಹೇಳಿದ್ದಾನೆ: ತೃಣಮಣಿಯಲ್ಲಿ ಕೆತ್ತಿದ ಮನುಷ್ಯನ ಒಂದು ಸಣ್ಣ ಬೊಂಬೆಗೆ ಇರುವ ಬೆಲೆಯು ಬದುಕಿರುವ, ದೃಢಕಾಯರಾದ ಮನುಷ್ಯರ ಬೆಲೆಗಿಂತ ಹೆಚ್ಚು. ದಾಸರನ್ನು ಪೇಟೆಯಲ್ಲಿ ಮಾರುತ್ತಿದ್ದ ನಗರದಲ್ಲಿ ಇದು ಅತಿಶಯೋಕ್ತಿಯಲ್ಲ, ವ್ಯಾಪಾರದ ಲೆಕ್ಕ. ಆ ನಗರದಲ್ಲಿ ಬಾಳಿದ ಕವಿಯು, ಬದುಕಿದ್ದಾಗ ತಿರಸ್ಕೃತವಾದುದು ಸತ್ತು ಬೆಲೆಯುಳ್ಳದ್ದಾಯಿತೆಂದರೆ, ಅದರ ಅರ್ಥವು ಇರುವೆಯಲ್ಲಿಯೇ ನಿಲ್ಲುವುದೆಂದು ಹೇಳಲಾಗದು. ಪ್ಲಿನಿಯ ವಾಕ್ಯವು ಮಾರ್ಷಿಯಲ್ಲನ ಪದ್ಯಕ್ಕೆ ಬರೆದ ಟೀಕೆಯಂತಿದೆ.

ಮಣಿಯನ್ನು ಆಯುವವರ ಸ್ಥಿತಿಯನ್ನು ಟಾಸಿಟಸನು ೯೮ರಲ್ಲಿ ಬರೆದ ಜರ್ಮಾನಿಯಾ ಗ್ರಂಥದಲ್ಲಿ ಎರಡು ಮಾತಿನಲ್ಲಿ ಹೇಳಿದ್ದಾನೆ. ಬಾಲ್ಟಿಕ್ ತೀರದ ಏಸ್ತಿಯರೆಂಬ ಜನರು ಅಲೆಗಳು ತಂದು ಹಾಕಿದ ಮಣಿಯನ್ನು ಆಯ್ದು ಮಾರುವರು. ತಮಗೆ ಅದರಿಂದ ಉಪಯ

ೋಗವಿಲ್ಲ; ಕೊಟ್ಟ ಬೆಲೆಯನ್ನು ಕಂಡು ಅವರಿಗೇ ಆಶ್ಚರ್ಯ. ಈ ಚಿತ್ರದಲ್ಲಿ ಇನ್ನೂ ಕ್ರೌರ್ಯವಿಲ್ಲ. ಈಚಿನ ಚಿತ್ರದಲ್ಲಿ ಅದೂ ಸೇರಿದೆ. ಬರ್ಮಾದ ಉತ್ತರದಲ್ಲಿ, ಕಾಚಿನ್ ಪ್ರಾಂತದ ಹುಕಾಂಗ್ ಕಣಿವೆಯ ತೃಣಮಣಿಯನ್ನು ಭಾರತದ ಭೂಗರ್ಭಶಾಸ್ತ್ರದ ಇಲಾಖೆಯ ನ್ಯೋಟ್ಲಿಂಗನು ೧೮೯೦ರ ದಶಕದಲ್ಲಿ ಪರಿಶೀಲಿಸಿದನು. ಮಂಡಾಲೆಯಲ್ಲಿದ್ದ ಸ್ವಿನ್ಹೋ ಎಂಬಾತನು ಕಳುಹಿಸಿದ ಮಣಿಗಳ ಕೀಟಗಳನ್ನು ಕಾಕರೆಲ್ಲನು ೧೯೧೬ರಿಂದ ಮೊದಲುಗೊಂಡು ವರ್ಣಿಸಿದನು. ನೂರು ವರ್ಷಗಳ ತರುವಾಯ, ೨೦೧೬ರಲ್ಲಿ, ಅಲ್ಲಿಯ ಒಂದು ಮಣಿಯೊಳಗೆ ಗರಿಗಳುಳ್ಳ ಡೈನೊಸಾರಿನ ಬಾಲವು ಕಾಣಿಸಿತೆಂದು ಪ್ರಕಟವಾದಾಗ ಲೋಕವೇ ಬೆರಗಾಯಿತು. ಪೇಟೆಯಲ್ಲಿ ಅದನ್ನು ಮಾರಿದವನು ಯಾವುದೋ ಗಿಡದ ತುಂಡೆಂದು ತಿಳಿದಿದ್ದನು. ಆ ಮಣಿಗಳನ್ನು ತೋಡುವವರು ಆಳು ಇಳಿಯುವಷ್ಟೇ ಅಗಲವಾದ ಆಳದ ಗುಂಡಿಗಳಲ್ಲಿ ಇಳಿಯುವ ಬಡವರು. ೨೦೧೭ರ ಜೂನ್ ತಿಂಗಳಲ್ಲಿ ಬರ್ಮಾದ ಸೈನ್ಯವು ಆ ಪ್ರದೇಶವನ್ನು ಆಕ್ರಮಿಸಿತು. ಸಾವಿರಾರು ಜನರು ಮನೆಮಠಗಳನ್ನು ಬಿಟ್ಟು ಓಡಿದರು. ೨೦೨೦ರಲ್ಲಿ ಪ್ರಾಚೀನ ಕಶೇರುಕಗಳನ್ನು ಅಭ್ಯಾಸಮಾಡುವ ಅಂತರರಾಷ್ಟ್ರೀಯ ಸಂಘವು, ಆ ದಿನದ ಈಚೆಗೆ ಹೊರಬಂದ ಮಣಿಗಳ ಮೇಲಿನ ಲೇಖನಗಳನ್ನು ಪ್ರಕಟಿಸಬಾರದೆಂದು ಪತ್ರಿಕೆಗಳಿಗೆ ಬರೆಯಿತು. ವಿದ್ವಾಂಸರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ: ಮಣಿಯನ್ನು ಕೊಳ್ಳದಿದ್ದರೆ ಅದು ಆಭರಣದಂಗಡಿಗೆ ಸೇರಿ ಜ್ಞಾನವೇ ನಷ್ಟವಾಗುವುದೆಂಬುದು ಅವರ ವಾದ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಆದರೆ ಬೆಲೆಯು ಎಲ್ಲಿಗೆ ಹೋಗುತ್ತದೆಂದು ಕೇಳದೆ ವಸ್ತುವನ್ನು ಮಾತ್ರ ಕೊಂಡಾಡುವವನು ಮಾರ್ಷಿಯಲ್ಲನ ಪದ್ಯವನ್ನು ಅರ್ಧ ಮಾತ್ರ ಓದಿದವನು. ನೆರಳಿನಲ್ಲಿ ಅಲೆಯುವ, ಬದುಕಿರುವಾಗ ಯಾರೂ ಲಕ್ಷಿಸದ ಜೀವಿಯು ಇಂದು ಆ ಗುಂಡಿಯೊಳಗಿದೆ.

ಸಂಗ್ರಹವೇ ದೋಷವೆಂಬ ನಿರ್ಣಯವು ಇದರಿಂದ ಬರುವುದಿಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿ ಕಂದುಕಲ್ಲಿದ್ದಲಿನ ಗಣಿಯಿದೆ. ಕಲ್ಲಿದ್ದಲಿಗಾಗಿ ತೋಡಿದಾಗ ನಡುವೆ ಸಿಕ್ಕಿದ ತೃಣಮಣಿಯನ್ನು ಭಾರತೀಯ ವಿದ್ವಾಂಸರೂ ಜರ್ಮನಿ ಅಮೆರಿಕಗಳ ವಿದ್ವಾಂಸರೂ ಕೂಡಿ ಆಯ್ದು, ೨೦೧೦ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದು ೫ ಕೋಟಿ ವರ್ಷಗಳಿಗೂ ಹಿಂದಿನದು. ೧೫೦ ಕಿಲೋಗ್ರಾಂಗೂ ಹೆಚ್ಚಿನ ಮಣಿಯಲ್ಲಿ ಸುಮಾರು ೧೦೦ ಜಾತಿಯ ಕೀಟಾದಿಗಳು ಕಂಡುಬಂದುವು. ಭಾರತಭೂಖಂಡವು ಬಹುಕಾಲ ಸಮುದ್ರದಲ್ಲಿ ಒಂಟಿಯಾಗಿತ್ತೆಂಬುದರಿಂದ ಇಲ್ಲಿಯ ಕೀಟಗಳೂ ಬೇರೆಲ್ಲಿಯೂ ಇಲ್ಲದವಾಗಿರಬೇಕೆಂದು ಎಣಿಸಲಾಗಿತ್ತು. ಆದರೆ ಅವು ದೂರದೇಶಗಳ ಕೀಟಗಳಿಗೆ ಬಂಧುಗಳಾಗಿದ್ದುವು. ಆ ರಾಳವನ್ನು ಒಸರಿದ ಮರವು ಸಾಲವೃಕ್ಷದ ಕುಟುಂಬದ್ದು. ಪಶ್ಚಿಮಘಟ್ಟದ ಕಾಡಿನಲ್ಲಿಯೂ ಸಾಲುಮರಗಳಾಗಿ ರಸ್ತೆಯ ಬದಿಗಳಲ್ಲಿಯೂ ಕಾಣುವ ಧೂಪದ ಮರವು ಅದೇ ಕುಟುಂಬಕ್ಕೆ ಸೇರಿದುದು. ಅಮರಸಿಂಹನು ಯಕ್ಷಧೂಪ, ಸರ್ಜರಸ ಮುಂತಾಗಿ ಹೆಸರಿಸಿದ ರಾಳದ ಜಾತಿಯದೇ ಅದರ ಅಂಟು. ಕನ್ನಡನಾಡಿನ ದೇವರಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಧೂಪಕ್ಕೂ ಐದು ಕೋಟಿ ವರ್ಷಗಳ ಹಿಂದೆ ಗುಂಗುರೊಂದನ್ನು ಹಿಡಿದಿಟ್ಟ ಹನಿಗೂ ಹೀಗೆ ಸಗೋತ್ರಸಂಬಂಧವುಂಟು. ವಸ್ತಾನಿನ ಮಣಿಯು ಆಭರಣಕ್ಕೆ ಯೋಗ್ಯವಾಗುವಷ್ಟು ಗಟ್ಟಿಯಲ್ಲ. ಕೆಲವು ದ್ರಾವಕಗಳಲ್ಲಿ ಕರಗಿಹೋಗುವುದು. ಹಾಗೆ ಕರಗುವುದರಿಂದಲೇ ಒಳಗಿನ ಕೀಟವನ್ನು ಇಡಿಯಾಗಿ ಹೊರಕ್ಕೆ ತೆಗೆದು ನೋಡಲು ಸಾಧ್ಯವಾಯಿತು.

ಮೂರು ಮುಕ್ತಕಗಳ ತಾರತಮ್ಯವು ಈಗ ಹೀಗೆ ನಿಲ್ಲುತ್ತದೆ. ಹಾವಿನ ಪದ್ಯವು ಚಮತ್ಕಾರವನ್ನು ಕೊಡುತ್ತದೆ. ಒಮ್ಮೆ ಓದಿದ ಮೇಲೆ ಅದರ ಕೆಲಸವು ಮುಗಿಯಿತು. ಜೇನ್ನೊಣದ ಪದ್ಯವು ಸೌಂದರ್ಯವನ್ನು ಕೊಡುತ್ತದೆ. ಮಣಿಯನ್ನು ಬೆಳಕಿಗೆ ಹಿಡಿದಷ್ಟು ಸಲವೂ ಅದು ನೆನಪಾಗುವುದು. ಇರುವೆಯ ಪದ್ಯವು ಸಂತೋಷವನ್ನು ಕೊಟ್ಟು ಅಲ್ಲಿಗೇ ಬಿಡುವುದಿಲ್ಲ. ಬೆಲೆ ಕಟ್ಟುವವನು ಯಾರು, ಕಟ್ಟಿದುದು ಯಾವಾಗ, ಸಂದುದು ಯಾರಿಗೆ ಎಂದು ಪ್ರತಿಯೊಂದು ಕಾಲದ ಓದುಗರನ್ನೂ ಕೇಳುತ್ತದೆ. ಮಾರ್ಷಿಯಲ್ಲನು ಮುಪ್ಪಿನಲ್ಲಿ ರೋಮನ್ನು ಬಿಟ್ಟು ಹುಟ್ಟೂರಿಗೆ ಹಿಂದಿರುಗಿ, ೧೦೪ರ ಸುಮಾರಿಗೆ ಅಲ್ಲಿಯೇ ಸತ್ತನು. ಬಡ ಕವಿಯ ಕಿರಿಯ ಪದ್ಯವೊಂದು ಹತ್ತೊಂಬತ್ತು ಶತಮಾನಗಳನ್ನು ದಾಟಿ ಬಂದಿರುವುದನ್ನು ಕೊಂಡಾಡುವವರು, ತಮ್ಮ ಊರಿನಲ್ಲಿ ತಮ್ಮ ಕಾಲದಲ್ಲಿ ಬರೆಯುತ್ತಿರುವವರನ್ನೂ ದುಡಿಯುತ್ತಿರುವವರನ್ನೂ ಅವರು ಬದುಕಿರುವಾಗಲೇ ಕಣ್ಣೆತ್ತಿ ನೋಡಿದರೆ ಆ ಪದ್ಯವನ್ನು ಸರಿಯಾಗಿ ಓದಿದಂತಾಗುವುದು.